ಮಗನಿಗೆ ಶ್ರಾವಣಕ್ಕೆ ಹದಿನೆಂಟು, ಬ್ಯಾಂಕಿನವರು ಗಾರ್ಡಿಯನ್ ಪತ್ರ ಕೇಳುತ್ತಿದ್ದಾರೆ

ಖಣದ ಕುಪ್ಪಸ (ಗುಳೇದಗುಡ್ಡ ಕಡೆ)

ಎಲ್ಲರಿಗೂ ಶರಣು. ಇಷ್ಟು ದಿನ ನೀವು ಬರೆದದ್ದನ್ನು ಓದಿ ಸುಮ್ನೆ ಹೋಗುತ್ತಿದ್ದೆ. ಈಗ ನನಗೇ ಗಂಟು ಬಿದ್ದಿದೆ, ಅದಕ್ಕೆ ಬರೆಯುತ್ತಿದ್ದೇನೆ.

ನಮ್ಮದು ಗುಳೇದಗುಡ್ಡದ ಹತ್ತಿರ ಒಂದು ಹಳ್ಳಿ. ಮನೆಯವರು ಮಗ್ಗದಲ್ಲಿ ಖಣ ನೇಯುತ್ತಾರೆ, ನಾನು ಕುಪ್ಪಸ ಹೊಲಿಯುತ್ತೇನೆ. ಮಗನಿಗೆ ಹುಟ್ಟಿದಾಗಿನಿಂದ ಸೆರೆಬ್ರಲ್ ಪಾಲ್ಸಿ. ಕೈಕಾಲು ಬಿಗಿ, ನಡೆಯುವುದಿಲ್ಲ. ಎರಡೂ ಕೈ ಮುಷ್ಟಿ ಕಟ್ಟಿಕೊಂಡೇ ಇರುತ್ತವೆ. ಅವನ ಮಾತು ಮನೆಯವರಿಗೆ ತಿಳಿಯುತ್ತದೆ, ಹೊರಗಿನವರಿಗೆ ತಿಳಿಯುವುದಿಲ್ಲ. ಅಂಗವಿಕಲರಿಗೆ ಕೊಡುವ ಯುಡಿಐಡಿ ಗುರುತಿನ ಕಾರ್ಡಿನಲ್ಲಿ ವೈಕಲ್ಯ ಶೇ 85 ಎಂದಿದೆ. ತಿಂಗಳ ಪಿಂಚಣಿ 1,400 ರೂಪಾಯಿ ಅವನ ಖಾತೆಗೆ ಬರುತ್ತದೆ. ಚಿಕ್ಕವನಿದ್ದಾಗ ನನ್ನ ಹೆಸರು ಕೂಡಿಸಿ ತೆಗೆದ ಖಾತೆ ಅದು.

ಬರುವ ಶ್ರಾವಣಕ್ಕೆ ಹದಿನೆಂಟು ತುಂಬುತ್ತದೆ. ಹೋದ ವಾರ ಬ್ಯಾಂಕಿಗೆ ಹೋದಾಗ ಕೌಂಟರಿನಲ್ಲಿದ್ದವರು ಹೇಳಿದ್ದು ಇಷ್ಟು: ‘ಮೇಜರ್ ಆದ ಮೇಲೆ ಈ ಖಾತೆ ನಡೆಯಲ್ಲ. ಅವನಿಗೆ ಸಹಿ ಬರಲ್ಲ, ತಿಳಿವಳಿಕೆನೂ ಇರಲ್ಲ. ಕೋರ್ಟಿನಿಂದ ಗಾರ್ಡಿಯನ್ ಪತ್ರ ತಂದರೆ ನೋಡೋಣ.’ ಹದಿನೆಂಟು ವರ್ಷ ಎತ್ತಿ ಆಡಿಸಿದ ನಾನು ಯಾರು ಅಂತ ಕೋರ್ಟು ಹೇಳಬೇಕಂತೆ. ಒಬ್ಬ ವಕೀಲರನ್ನು ಕೇಳಿದೆ, ಹದಿನೈದು ಸಾವಿರ ಆಗಬಹುದು ಎಂದರು. ಅಷ್ಟು ದುಡ್ಡಿಗೆ ಎಷ್ಟು ಕುಪ್ಪಸ ಹೊಲಿಯಬೇಕು ಎಂದು ಲೆಕ್ಕ ಹಾಕುತ್ತಾ ಮನೆಗೆ ಬಂದೆ.

ಇನ್ನೆರಡು ಮಾತು. ಮನೆಗೆ ಬಂದು ಪಾಠ ಹೇಳುತ್ತಿದ್ದ ಟೀಚರ್ ಇನ್ನು ಬರುವುದಿಲ್ಲ, ವಯಸ್ಸು ಮುಗಿಯಿತಂತೆ. ಮತ್ತೆ ನನ್ನ ಸೊಂಟ. ಮಗ 42 ಕೆ.ಜಿ. ಇದ್ದಾನೆ. ದಿನಕ್ಕೆ ಐದಾರು ಸಲ ಎತ್ತಿ ಇಳಿಸಬೇಕು. ಡಾಕ್ಟರು ‘ಭಾರ ಎತ್ತಬೇಡಿ’ ಎಂದು ಚೀಟಿ ಬರೆದು ಕೊಟ್ಟಿದ್ದಾರೆ. ಆ ಚೀಟಿ ಯಾರಿಗೆ ತೋರಿಸಲಿ?

ಘಟಪ್ರಭಾ ದಂಡೆ (ಗೋಕಾಕ ತಾಲೂಕು)

ಅಕ್ಕಾರ, ಮೊದಲು ಆ ಹದಿನೈದು ಸಾವಿರದ ಲೆಕ್ಕ ಬಿಡಿ. ಕೋರ್ಟಿಗೆ ಹೋಗುವ ಕೆಲಸವೇ ಇದಲ್ಲ.

ನಾನು ಒಂದು ಗ್ರಾಮ ಪಂಚಾಯಿತಿಯಲ್ಲಿ ಪುನರ್ವಸತಿ ಕಾರ್ಯಕರ್ತ, ಎಲ್ಲರೂ ವಿಆರ್‌ಡಬ್ಲ್ಯು ಅನ್ನುತ್ತಾರೆ. ನನಗೂ ಒಂದು ಕಾಲು ಪೋಲಿಯೋ. ನಿಮ್ಮ ಪಂಚಾಯಿತಿಯಲ್ಲೂ ನನ್ನಂಥವರು ಒಬ್ಬರು ಇರಬೇಕು, ತಾಲೂಕಿಗೆ ಒಬ್ಬರು ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು, ಅಂದರೆ ಎಂಆರ್‌ಡಬ್ಲ್ಯು. ಅವರನ್ನು ಹಿಡಿಯಿರಿ. ಸಿಗದಿದ್ದರೆ ಪಿಡಿಒ ಹತ್ತಿರ ಫೋನ್ ನಂಬರ್ ಕೇಳಿ. ಮನೆಗೆ ಬರುವುದು ನಮ್ಮ ಕೆಲಸವೇ, ಉಪಕಾರ ಅಲ್ಲ.

ಈಗ ವಿಷಯ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆ ಅಂತ ಇದೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ, ಬಹುವಿಧ ಅಂಗವೈಕಲ್ಯ, ಈ ನಾಲ್ಕಕ್ಕೆ ಮಾತ್ರ. ಇದರಡಿ ಜಿಲ್ಲೆಗೆ ಒಂದು ಸ್ಥಳೀಯ ಮಟ್ಟದ ಸಮಿತಿ ಇರುತ್ತದೆ, ಡಿ.ಸಿ. ಸಾಹೇಬರೇ ಅಧ್ಯಕ್ಷರು. ಹದಿನೆಂಟು ದಾಟಿದ ಮಕ್ಕಳಿಗೆ ತಂದೆ ತಾಯಿಯನ್ನು ಕಾನೂನು ಪ್ರಕಾರ ಪೋಷಕರನ್ನಾಗಿ ಮಾಡಿ ಈ ಸಮಿತಿ ಪತ್ರ ಕೊಡುತ್ತದೆ. ವಕೀಲರು ಬೇಕಿಲ್ಲ. ಆ ಪತ್ರವನ್ನು ಬ್ಯಾಂಕು ಒಪ್ಪಬೇಕು ಎಂದು ರಿಸರ್ವ್ ಬ್ಯಾಂಕೇ ಹೇಳಿದೆ. ಬಾಗಲಕೋಟೆಯಲ್ಲಿ ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಿ.

ಇನ್ನೊಂದು, ಇದನ್ನು ಭಾಳ ಜನ ಕೇಳಿಯೇ ಇರುವುದಿಲ್ಲ. ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೋಫಿ, ಪಾರ್ಕಿನ್ಸನ್, ಮಲ್ಟಿಪಲ್ ಸ್ಕ್ಲೆರೋಸಿಸ್ ಇರುವವರನ್ನು ನೋಡಿಕೊಳ್ಳುವ ಆರೈಕೆದಾರರಿಗೆ ರಾಜ್ಯ ಸರ್ಕಾರ ತಿಂಗಳಿಗೆ 1,000 ರೂಪಾಯಿ ಭತ್ಯೆ ಇಟ್ಟಿದೆ. ಅದು ಮಗನಿಗಲ್ಲ, ನಿಮಗೆ. ಅದೇ ಕಚೇರಿಯಲ್ಲಿ ಅರ್ಜಿಯ ಬಗ್ಗೆ ಕೇಳಿ.

ಆಧಾರ್ ನೋಡಿಕೊಳ್ಳಿ. ಹದಿನೈದಾದಾಗ ಬೆರಳು, ಕಣ್ಣು ಮತ್ತೆ ಅಪ್‌ಡೇಟ್ ಮಾಡಿಸಬೇಕಿತ್ತು. ಅದು ಆಗಿಲ್ಲದೆ ನಮ್ಮಲ್ಲಿ ಎಷ್ಟೋ ಜನರ ಪಿಂಚಣಿ ನಿಂತಿದೆ. ಯುಡಿಐಡಿ ಕಾರ್ಡಿನ ಮೇಲೆ ಅವಧಿ ಬರೆದಿದ್ದರೆ ಅದನ್ನೂ ಓದಿ, ಮಕ್ಕಳ ಕಾರ್ಡಿಗೆ ಸಾಮಾನ್ಯವಾಗಿ ಕಡೆಯ ದಿನ ಇರುತ್ತದೆ.

ಉರಿಬಿಸಿಲು (ಮುದ್ದೇಬಿಹಾಳ)

ಕಾಗದದ ಮೇಲೆ ಎಲ್ಲ ಇದೆ ಸರ್. ಅರ್ಜಿ ಹಾಕಿದ ಮೇಲೆ ಚಪ್ಪಲಿ ಸವೆಯುತ್ತದೆ ಅಷ್ಟೇ. ನಮ್ಮ ಕಾಕಾನ ಸರ್ಟಿಫಿಕೇಟಿಗೆ ಒಬ್ಬ ಏಜೆಂಟ್ ಐದು ಸಾವಿರ ಕೇಳಿದ್ದ. ಕೊಟ್ಟೆವು. ಇನ್ನೇನು ಮಾಡೋದು?

ಘಟಪ್ರಭಾ ದಂಡೆ

ಕೊಡಬಾರದಿತ್ತು. ಯುಡಿಐಡಿಗೆ ಆನ್‌ಲೈನ್ ಅರ್ಜಿ, ಅದಕ್ಕೆ ಶುಲ್ಕವೇ ಇಲ್ಲ. ಗ್ರಾಮ ಒನ್‌ನಲ್ಲಿ ಮಾಡಿಸಿದರೆ ಅವರ ಕೂಲಿ ಅಷ್ಟೇ. ಏಜೆಂಟ್ ಏನು ಮಾಡುತ್ತಾನೆ ಗೊತ್ತಾ? ನೀವು ಹೇಗೂ ಹೋಗಬೇಕಿದ್ದ ದಿನವೇ ನಿಮ್ಮನ್ನು ವೈದ್ಯರ ಮುಂದೆ ಕರೆದುಕೊಂಡು ಹೋಗುತ್ತಾನೆ. ಚಪ್ಪಲಿ ಸವೆಯುತ್ತದೆ ಎನ್ನುವುದು ಮಾತ್ರ ಸುಳ್ಳಲ್ಲ. ನನ್ನದು ಒಂದೇ ಕಡೆ ಸವೆಯುತ್ತದೆ.

ಗುಮ್ಮಟದ ಮಾರ್ದನಿ (ವಿಜಯಪುರ)

ತಂಗೀ, ನಾನು ಈ ಗಾರ್ಡಿಯನ್ ದಾರಿಯಲ್ಲಿ ನಡೆದು ಬಂದವನು. ಮಗಳಿಗೆ ಈಗ ಇಪ್ಪತ್ತೆರಡು. ಆಟಿಸಂ ಜೊತೆಗೆ ಬುದ್ಧಿಮಾಂದ್ಯ. ನೌಕರಿಯ ಮೇಲೆ ಬೇರೆ ಜಿಲ್ಲೆಯಲ್ಲಿದ್ದಾಗ ಮಾಡಿಸಿದ್ದು.

ಅರ್ಜಿ ಫಾರ್ಮ್, ಅವಳ ಯುಡಿಐಡಿ, ವಯಸ್ಸಿನ ದಾಖಲೆ, ನಮ್ಮಿಬ್ಬರ ಆಧಾರ್, ಫೋಟೋ. ಕಾಗದ ಇಷ್ಟೇ. ತಡ ಆಗುವುದು ಕಾಗದಕ್ಕಲ್ಲ, ಸಮಿತಿ ಸಭೆ ಸೇರುವುದಕ್ಕೆ. ಅರ್ಜಿ ಕೊಟ್ಟು ಮನೆಯಲ್ಲಿ ಕೂತರೆ ಆಗಲ್ಲ, ಸಭೆ ಯಾವಾಗ ಎಂದು ಹದಿನೈದು ದಿನಕ್ಕೊಮ್ಮೆ ಕೇಳುತ್ತಿರಬೇಕು. ಸಭೆಗೆ ಮಗಳನ್ನೂ ಕರೆದುಕೊಂಡು ಹೋಗಿದ್ದೆವು. ಅವಳು ಅಲ್ಲಿ ಮೇಜಿನ ಮೇಲಿನ ನೀರಿನ ಬಾಟಲಿಗಳನ್ನೆಲ್ಲ ಒಂದು ಸಾಲಿಗೆ ಜೋಡಿಸಿ ಇಟ್ಟಳು. ಯಾರೂ ಏನೂ ಅನ್ನಲಿಲ್ಲ, ಅದೇ ನನಗೆ ದೊಡ್ಡದು.

ಒಂದು ಎಚ್ಚರಿಕೆ. ಪತ್ರ ಸಿಕ್ಕ ಮೇಲೆ ಕೆಲಸ ಮುಗಿಯಿತು ಅಂದುಕೊಳ್ಳಬೇಡಿ. ಮಗುವಿನ ಹೆಸರಿನಲ್ಲಿ ಏನೇನು ಆಸ್ತಿ, ಹಣ ಇದೆ ಎಂದು ಆರು ತಿಂಗಳೊಳಗೆ ಪಟ್ಟಿ ಕೊಡಬೇಕು. ಆಮೇಲೆ ವರ್ಷ ವರ್ಷ ಲೆಕ್ಕ. ಮೊದಮೊದಲು ನನಗೆ ಸಿಟ್ಟು ಬಂತು, ನನ್ನ ಮಗಳ ದುಡ್ಡಿಗೆ ನಾನು ಲೆಕ್ಕ ಕೊಡಬೇಕಾ ಅಂತ. ಆಮೇಲೆ ಯೋಚಿಸಿದೆ: ನಾಳೆ ನಾನಿಲ್ಲದಾಗ ನನ್ನ ಜಾಗದಲ್ಲಿ ಬರುವವನು ಎಂಥವನೋ. ಅವನಿಗೂ ಇದೇ ಲೆಕ್ಕ ಇರುತ್ತದಲ್ಲ, ಇರಲಿ.

ನಿರಾಮಯ ವಿಮೆ ಮಾಡಿಸಿದ್ದೀರಾ? ಅದೇ ನ್ಯಾಷನಲ್ ಟ್ರಸ್ಟಿನದು, ಆ ನಾಲ್ಕು ತರಹದವರಿಗೆ. ವರ್ಷಕ್ಕೆ 1 ಲಕ್ಷದವರೆಗೆ. ಬಿಪಿಎಲ್ ಕಾರ್ಡಿನವರಿಗೆ ಮೊದಲ ಸಲ 250 ರೂಪಾಯಿ, ಉಳಿದವರಿಗೆ 500. ಮೊದಲೇ ಮೆಡಿಕಲ್ ಪರೀಕ್ಷೆ ಇಲ್ಲ. ಬೇರೆ ವಿಮೆ ಕಂಪನಿಗಳು ನಮ್ಮ ಮಕ್ಕಳ ಹೆಸರು ಕೇಳಿದರೆ ಮುಖ ತಿರುಗಿಸುತ್ತವೆ, ಇಲ್ಲಿ ಆ ತಂಟೆ ಇಲ್ಲ. ಥೆರಪಿ, ಔಷಧಿ ಖರ್ಚಿಗೂ ಕೇಳಬಹುದು. ಆದರೆ ಮೊದಲು ನಾವು ಕೊಟ್ಟು ಆಮೇಲೆ ಬಿಲ್ಲು ಕಳಿಸಿ ಹಣ ಪಡೆಯಬೇಕು. ಅದಕ್ಕೆ ಒಂದೊಂದು ಬಿಲ್ಲನ್ನೂ ಜೋಪಾನ ಮಾಡಿ. ಮಾರ್ಚ್ ಮುಗಿಯುವುದರೊಳಗೆ ನವೀಕರಣ ಮರೆಯಬೇಡಿ. ನಾನು ಒಂದು ವರ್ಷ ಮರೆತೆ. ಆ ವರ್ಷವೇ ಅವಳು ಬಿದ್ದು ಕೈ ಮುರಿದುಕೊಂಡಳು.

ಘಟಪ್ರಭಾ ಸರ್ ಹೇಳಿದ 1,000 ರೂಪಾಯಿ ಭತ್ಯೆ ನಮಗಿಲ್ಲ ಬಿಡಿ. ಆಟಿಸಂ ಆ ಪಟ್ಟಿಯಲ್ಲಿ ಇಲ್ಲ. ರಾತ್ರಿ ಎರಡು ಗಂಟೆಗೆ ಎದ್ದು ಅವಳ ಹಿಂದೆ ಓಡಾಡುವುದು ಆರೈಕೆ ಅಲ್ಲವೇನೋ.

ಚಕ್ರದ ಮೇಲೆ (ಬೆಳಗಾವಿ)

ಎಲ್ಲರೂ ಹಿರಿಯರು, ಬೇಜಾರು ಮಾಡಿಕೊಳ್ಳಬೇಡಿ. ಒಂದು ಪ್ರಶ್ನೆ ಕೇಳುತ್ತೇನೆ. ಅಕ್ಕಾ, ನಿಮ್ಮ ಮಗನನ್ನು ಯಾರಾದರೂ ಕೇಳಿದರಾ?

ನನಗೂ ಸೆರೆಬ್ರಲ್ ಪಾಲ್ಸಿ. ವಯಸ್ಸು 31. ಕಂಪ್ಯೂಟರಿನಲ್ಲಿ ಲೆಕ್ಕ ಬರೆಯುವ ಕೆಲಸ ಮಾಡುತ್ತೇನೆ. ಈ ಪೋಸ್ಟನ್ನು ಒಂದೇ ಬೆರಳಿನಲ್ಲಿ ಟೈಪ್ ಮಾಡುತ್ತಿದ್ದೇನೆ, ತಡವಾದರೆ ಅದಕ್ಕೆ. ನನ್ನ ಮಾತೂ ಹೊರಗಿನವರಿಗೆ ತಿಳಿಯುವುದಿಲ್ಲ. ಬಾಯಿ ಓರೆಯಾದರೆ ಬುದ್ಧಿಯೂ ಓರೆ ಎಂದು ಜನ ಅಂದುಕೊಳ್ಳುತ್ತಾರೆ. ಸೆರೆಬ್ರಲ್ ಪಾಲ್ಸಿ ಬರುವುದು ಮೈ ಆಡಿಸುವ ಮಿದುಳಿನ ಭಾಗಕ್ಕೆ ಪೆಟ್ಟಾದಾಗ. ಕೆಲವರಿಗೆ ಬುದ್ಧಿಯ ತೊಂದರೆಯೂ ಇರುತ್ತದೆ, ಎಷ್ಟೋ ಜನರಿಗೆ ಇರುವುದಿಲ್ಲ.

ನಿಮ್ಮ ಮಗನಿಗೆ ಹಣ ಎಂದರೆ ಏನು, ಖಾತೆ ಎಂದರೆ ಏನು ಎಂದು ತಿಳಿಯುತ್ತದಾ? ತಿಳಿಯುವುದಾದರೆ ಅವನಿಗೆ ಗಾರ್ಡಿಯನ್ ಬೇಡ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 13ನೇ ಕಲಮು ಓದಿ. ತನ್ನ ಹಣಕಾಸು ತಾನೇ ನೋಡಿಕೊಳ್ಳುವ ಹಕ್ಕು ಎಲ್ಲರ ಹಾಗೆ ನಮಗೂ ಇದೆ. ಸಹಿ ಬರದಿದ್ದರೆ ಹೆಬ್ಬೆಟ್ಟು. ಅದೂ ಆಗದಿದ್ದರೆ ಕಾಲ್ಬೆರಳಿನ ಗುರುತು ಸಾಕು, ಇಬ್ಬರು ಸಾಕ್ಷಿ ಬೇಕು, ಒಬ್ಬರು ಬ್ಯಾಂಕಿನ ಅಧಿಕಾರಿಯೇ ಆಗಿರಬೇಕು. ಕೈಲಾಗದ ಗ್ರಾಹಕರು ಹಣ ತೆಗೆಯುವುದಕ್ಕೆ ರಿಸರ್ವ್ ಬ್ಯಾಂಕ್ ಮಾಡಿರುವ ನಿಯಮ ಇದು. ಅಜ್ಜ ಅಜ್ಜಿಯರಿಗೆ ಹಾಸಿಗೆ ಪಕ್ಕ ಹೋಗಿ ಹೆಬ್ಬೆಟ್ಟು ಹಾಕಿಸಿಕೊಂಡು ಬರುತ್ತಾರಲ್ಲ, ಅದೇ ನಿಯಮ.

ಗಾರ್ಡಿಯನ್ ಪತ್ರ ಒಂದು ಸಲ ಬಂತೆಂದರೆ, ಆಮೇಲೆ ಎಲ್ಲ ಕಡೆ ‘ಅಮ್ಮನನ್ನು ಕರಿ’ ಎನ್ನುತ್ತಾರೆ. ಅವನ ಮುಖ ಯಾರೂ ನೋಡುವುದಿಲ್ಲ.

ಗುಮ್ಮಟದ ಮಾರ್ದನಿ

ತಮ್ಮಾ, ನೀನು ಹೇಳಿದ್ದು ನಿನಗೆ ಸರಿ. ನನ್ನ ಮಗಳಿಗೆ ನೂರರ ನೋಟು ಯಾವುದು, ಪುಸ್ತಕದ ಹಾಳೆ ಯಾವುದು ಗೊತ್ತಾಗುವುದಿಲ್ಲ. ಗಾರ್ಡಿಯನ್ ಆದದ್ದಕ್ಕೆ ನನ್ನನ್ನು ಕಳ್ಳನ ಹಾಗೆ ನೋಡಬೇಡ.

ಚಕ್ರದ ಮೇಲೆ

ಕಾಕಾ, ನಿಮಗೆ ಹೇಳಲಿಲ್ಲ. ನಿಮ್ಮ ಮಗಳಿಗೆ ಬೇಕು, ಒಪ್ಪುತ್ತೇನೆ. ಕೇಳದೆಯೇ ಎಲ್ಲರಿಗೂ ಒಂದೇ ಅಂಗಿ ಹೊಲಿಯಬೇಡಿ ಎಂದು ಬ್ಯಾಂಕಿನವರಿಗೆ ಹೇಳಿದೆ. ಬಿರುಸಾಯಿತು, ಕ್ಷಮಿಸಿ.

ಖಣದ ಕುಪ್ಪಸ

ಬೆಳಗಾವಿ ತಮ್ಮ, ನಿನ್ನ ಪ್ರಶ್ನೆ ಓದಿ ನಿನ್ನೆ ರಾತ್ರಿ ನಿದ್ದೆ ಬರಲಿಲ್ಲ. ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ತಿಳಿವಳಿಕೆ ಇದೆಯಾ ಅಂದರೆ, ಏನು ಹೇಳಲಿ. ನಾನು ಹೊಲಿಯುವಾಗ ಅವನು ಪಕ್ಕದಲ್ಲೇ ಗೋಡೆಗೆ ಒರಗಿ ಕೂತಿರುತ್ತಾನೆ. ಯಾರ ಕುಪ್ಪಸ ಯಾವಾಗ ಕೊಟ್ಟೆ, ಯಾರು ದುಡ್ಡು ಬಾಕಿ ಇಟ್ಟಿದ್ದಾರೆ, ಎಲ್ಲ ಅವನ ತಲೆಯಲ್ಲಿ ಇರುತ್ತದೆ. ನಾನು ಮರೆತರೂ ಅವನು ಮರೆಯುವುದಿಲ್ಲ. ಬಾಕಿ ಇಟ್ಟವರು ಓಣಿಯಲ್ಲಿ ಹೋದರೆ ‘ಊಂ ಊಂ’ ಎಂದು ಕೂಗುತ್ತಾನೆ. ಅವರು ಪಾಪ, ಮಾತಾಡಿಸುತ್ತಿದ್ದಾನೆ ಅಂದುಕೊಂಡು ನಕ್ಕು ಹೋಗುತ್ತಾರೆ. ಅವನು ಕೇಳುತ್ತಿರುವುದು ನೂರಾ ಐವತ್ತು ರೂಪಾಯಿ!

ಇವತ್ತು ಬೆಳಿಗ್ಗೆ ಚಹಾ ಕುಡಿಸುವಾಗ ಕೇಳಿದೆ. ಬ್ಯಾಂಕಿನ ಪುಸ್ತಕ ನಿನ್ನ ಒಬ್ಬನ ಹೆಸರಿಗೆ ಇರಲೋ, ನನ್ನದೂ ಇರಲೋ. ಭಾಳ ಹೊತ್ತು ನೋಡಿದ. ಆಮೇಲೆ ‘ನಂದು’ ಎಂದ. ಮತ್ತೆ ಸ್ವಲ್ಪ ಹೊತ್ತು ಬಿಟ್ಟು ‘ನೀನೂ ಬಾ’ ಎಂದ. ಬ್ಯಾಂಕಿಗೆ ಬಾ ಅಂತ.

ಕಿತ್ತೂರ ಮಗಳು (ಬೆಳಗಾವಿ ಜಿಲ್ಲೆ)

ಅಕ್ಕಾ, ಓದಿ ಕಣ್ಣು ತುಂಬಿತು, ನಗೂ ಬಂತು.

ನಮ್ಮ ಮನೆಯ ಕಥೆ ಬೇರೆ. ಅಣ್ಣನಿಗೆ ಸ್ಕಿಜೋಫ್ರೇನಿಯಾ, ಹನ್ನೆರಡು ವರ್ಷ ಆಯಿತು. ಅವ್ವ ಹೋದ ಮೇಲೆ ನಾನೇ ನೋಡಿಕೊಳ್ಳುವುದು. ಅಂಗವೈಕಲ್ಯ ಎಂದರೆ ಕೈಕಾಲು ಅಂತಲೇ ನಾವು ತಿಳಿದಿದ್ದೆವು. 2016ರ ಕಾಯ್ದೆಯಲ್ಲಿ 21 ಬಗೆ ಇವೆ, ಮಾನಸಿಕ ಕಾಯಿಲೆಯೂ ಅದರಲ್ಲಿ ಇದೆ ಎಂದು ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್‌ಗೆ ಹೋದಾಗಲೇ ಗೊತ್ತಾಗಿದ್ದು. ಆಗ ಸರ್ಟಿಫಿಕೇಟ್ ಮಾಡಿಸಿದೆವು.

ಇಲ್ಲಿ ಯಾರಿಗಾದರೂ ಉಪಯೋಗ ಆಗಲಿ ಅಂತ ಹೇಳುತ್ತೇನೆ. ಪ್ರತಿ ಸಲ ಧಾರವಾಡಕ್ಕೇ ಓಡಬೇಕಿಲ್ಲ. ಮನೋಚೈತನ್ಯ ಅಂತ ಕಾರ್ಯಕ್ರಮ ಇದೆ, ಮಂಗಳವಾರದ ದಿನ ತಾಲೂಕು ಆಸ್ಪತ್ರೆಗೇ ಮನೋವೈದ್ಯರು ಬರುತ್ತಾರೆ. ನಿಮ್ಮ ತಾಲೂಕಿಗೆ ಯಾವ ಮಂಗಳವಾರ ಎಂದು ಕೇಳಿಕೊಂಡು ಹೋಗಿ. ಮಾತ್ರೆ ಅಲ್ಲೇ ಸಿಗುತ್ತದೆ. ನಡುರಾತ್ರಿ ತಲೆ ಕೆಟ್ಟರೆ 14416ಕ್ಕೆ ಫೋನ್ ಮಾಡಿ, ಟೆಲಿ ಮಾನಸ್ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. ಕನ್ನಡದಲ್ಲೇ ಮಾತಾಡುತ್ತಾರೆ. ನಾನು ಅಣ್ಣನಿಗಾಗಿ ಮಾಡಿದ್ದು ಎರಡು ಸಲ, ನನಗಾಗಿ ಮಾಡಿದ್ದು ನಾಲ್ಕು ಸಲ.

ನಿದ್ದೆ, ಸುಸ್ತು ಇದನ್ನೆಲ್ಲ ಯಾವ ಅರ್ಜಿಯಲ್ಲಿ ಬರೆಯುವುದು? ನಮ್ಮ ಕಡೆ ನಾವು ಮೂರು ಮನೆಯವರು ಸರದಿ ಹಾಕಿಕೊಂಡಿದ್ದೇವೆ. ಒಂದು ಭಾನುವಾರ ಮೂವರನ್ನೂ ನಾನು ನೋಡಿಕೊಳ್ಳುತ್ತೇನೆ, ಮುಂದಿನ ಎರಡು ಭಾನುವಾರ ನನಗೆ ಬಿಡುವು. ಮೊದಲ ಬಿಡುವಿನ ದಿನ ಏನು ಮಾಡಬೇಕೋ ತಿಳಿಯದೆ ಮನೆಯಲ್ಲೇ ಕೂತು ಡಬ್ಬಿಗಳನ್ನೆಲ್ಲ ತೊಳೆದೆ. ಈಗ ರೂಢಿ ಆಗಿದೆ, ಸಂತೆಗೆ ಹೋಗಿ ಒಬ್ಬಳೇ ಮಿರ್ಚಿ ಭಜಿ ತಿಂದು ಬರುತ್ತೇನೆ.

ಉರಿಬಿಸಿಲು

ಅಂಗವಿಕಲ, ವಿಕಲಚೇತನ, ವಿಶೇಷಚೇತನ, ದಿವ್ಯಾಂಗ. ಹೆಸರು ಬದಲಾಯಿಸುವುದರಲ್ಲಿ ಮಾತ್ರ ಸರ್ಕಾರ ಚುರುಕು. ಯಾವುದು ಸರಿ ಅಂತ ಒಮ್ಮೆ ಹೇಳಿಬಿಡಿ.

ಚಕ್ರದ ಮೇಲೆ

ಕಚೇರಿಯ ಬಾಗಿಲಿಗೆ ಇಳಿಜಾರು ಹಾಕಿಸಿ, ಆಮೇಲೆ ಯಾವ ಹೆಸರಿನಿಂದಲಾದರೂ ಕರೆಯಿರಿ. ಸುಮ್ನೆ ಒಂದು ಕಲ್ಲು ಓರೆಯಾಗಿ ಇಟ್ಟರೆ ಅದು ಇಳಿಜಾರು ಅಲ್ಲ. 1 ಅಡಿ ಎತ್ತರಕ್ಕೆ 12 ಅಡಿ ಉದ್ದ ಇರಬೇಕು. ಮೂರು ಅಡಿ ಕಟ್ಟೆಗೆ ನಾಲ್ಕು ಅಡಿಯ ಇಳಿಜಾರು ಕಟ್ಟಿ ಉದ್ಘಾಟನೆ ಮಾಡಿದ್ದನ್ನು ನಾನು ನೋಡಿದ್ದೇನೆ. ಅದರಲ್ಲಿ ಹತ್ತಿದರೆ ಹಿಂದಕ್ಕೆ ಮಗುಚುವುದು ಖಂಡಿತ.

ಮಲಪ್ರಭಾ ನೀರು (ಬಾಗಲಕೋಟೆ)

ನಾನು ಫಿಸಿಯೋಥೆರಪಿಸ್ಟ್. ಕಾಗದದ ಮಾತು ಬಲ್ಲವರು ಹೇಳಿದ್ದಾರೆ, ನಾನು ಸೊಂಟದ ಮಾತು ಹೇಳುತ್ತೇನೆ. ಈ ಚರ್ಚೆಯಲ್ಲಿ ಅದು ಹಿಂದೆ ಬಿದ್ದಿತು, ನಮ್ಮ ಮನೆಗಳಲ್ಲೂ ಹೀಗೇ ಆಗುತ್ತದೆ.

ಅಕ್ಕಾರ, ನೀವು ಮಗನನ್ನು ನೆಲದಿಂದ ಎತ್ತುತ್ತೀರಿ ಅನ್ನಿಸುತ್ತದೆ. ಅದೇ ಮೊದಲ ತಪ್ಪು. ನೆಲದ ಮೇಲಿನ ಹಾಸಿಗೆ ಬಿಟ್ಟು ಮಂಚ ಮಾಡಿ. ಮಂಚದ ಎತ್ತರ ಗಾಲಿಕುರ್ಚಿಯ ಸೀಟಿನ ಎತ್ತರಕ್ಕೆ ಸರಿಯಾಗಿ ಇರಲಿ. ಆಮೇಲೆ ಎತ್ತುವ ಮಾತೇ ಕಡಿಮೆ, ಸರಿಸಿದರೆ ಸಾಕು. ಬಡಿಗೇರರ ಹತ್ತಿರ ಎರಡೂವರೆ ಅಡಿ ಉದ್ದ, ಒಂದು ಅಡಿಯೊಳಗಿನ ಅಗಲದ ದಪ್ಪ ಪ್ಲೈವುಡ್ ಹಲಗೆ ಮಾಡಿಸಿ. ಅಂಚು ಉಜ್ಜಿ ನುಣುಪು ಮಾಡಲಿ. ಒಂದು ತುದಿ ಮಂಚದ ಮೇಲೆ, ಇನ್ನೊಂದು ಕುರ್ಚಿಯ ಮೇಲೆ. ಕುರ್ಚಿಯ ಬ್ರೇಕ್ ಹಾಕಿ, ಅವನನ್ನು ಹಲಗೆಯ ಮೇಲಿಂದ ಜಾರಿಸಿ.

ಅವನ ಮೈ ಬಿಗಿದು ಕೋಲಿನ ಹಾಗೆ ಚಾಚಿಕೊಂಡಾಗ ಎತ್ತಲು ಹೋಗಬೇಡಿ. ಮೊದಲು ಸೊಂಟ ಮತ್ತು ಮೊಣಕಾಲನ್ನು ನಿಧಾನಕ್ಕೆ ಮಡಿಸಿ, ಬಿಗಿ ಸಡಿಲುತ್ತದೆ. ಗಡಬಡಿ ಮಾಡಿದರೆ ಇನ್ನೂ ಬಿಗಿಯುತ್ತದೆ. ಎತ್ತಲೇಬೇಕಾದಾಗ ಮನೆಯವರನ್ನು ಮಗ್ಗದಿಂದ ಎಬ್ಬಿಸಿ, ಇಬ್ಬರೂ ಎತ್ತಿ. ನಿಮ್ಮ ಮೊಣಕಾಲು ಬಗ್ಗಲಿ, ಬೆನ್ನು ಬಗ್ಗುವುದು ಬೇಡ. ಅವನು ನಿಮ್ಮ ಮೈಗೆ ಹತ್ತಿರ ಇರಲಿ.

ಮುಷ್ಟಿಯ ಬಗ್ಗೆ ಬರೆದಿದ್ದೀರಿ. ದಿನಾ ನಿಧಾನಕ್ಕೆ ಬಿಡಿಸಿ, ಅಂಗೈ ತೊಳೆದು ಚೆನ್ನಾಗಿ ಒರೆಸಿ, ಮೆತ್ತನೆಯ ಬಟ್ಟೆ ಸುರುಳಿ ಮಾಡಿ ಇಡಿ. ಒದ್ದೆ ಉಳಿದರೆ ಚರ್ಮ ಹುಣ್ಣಾಗುತ್ತದೆ. ಮಲಗಿದಾಗ ಎರಡು ತಾಸಿಗೊಮ್ಮೆ ಮಗ್ಗಲು ಬದಲಿಸಬೇಕು. ಊಟ ಯಾವತ್ತೂ ಕೂಡಿಸಿಯೇ ಮಾಡಿಸಿ, ಮಲಗಿಸಿ ಅಲ್ಲ.

ಇನ್ನು ಕುರ್ಚಿ. ಸಮಾರಂಭಗಳಲ್ಲಿ ಹಾರ ಹಾಕಿ ಕೊಡುವ ಗಾಲಿಕುರ್ಚಿ ಎಲ್ಲರಿಗೂ ಒಂದೇ ಅಳತೆ. ನಿಮ್ಮ ಮಗನಂಥವರು ಅದರಲ್ಲಿ ಒಂದು ಕಡೆ ವಾಲಿ, ಕೆಳಗೆ ಜಾರಿ, ಬೆನ್ನು ಸೊಟ್ಟಗಾಗುತ್ತದೆ. ಸೆರೆಬ್ರಲ್ ಪಾಲ್ಸಿ ಇರುವವರಿಗೆಂದೇ ತಲೆಗೆ, ಪಕ್ಕಕ್ಕೆ ಆಸರೆ ಇರುವ ಕುರ್ಚಿ ಇದೆ, ಸಿಪಿ ಚೇರ್ ಅನ್ನುತ್ತಾರೆ. ವಿಕಲಚೇತನರಿಗೆ ಸಲಕರಣೆ ಕೊಡುವ ಕೇಂದ್ರದ ಎಡಿಪ್ ಯೋಜನೆಯಲ್ಲಿ, ಅಂಥ ಸಲಕರಣೆ ಮಾಡುವ ಸರ್ಕಾರಿ ಕಂಪನಿ ಅಲಿಂಕೋದವರು ಕೊಡುತ್ತಾರೆ. ಮನೆಯ ಆದಾಯ ತಿಂಗಳಿಗೆ 22,500ರ ಒಳಗಿದ್ದರೆ ಪುಕ್ಕಟೆ. ಮೊದಲು ತಪಾಸಣೆ ಶಿಬಿರ, ಆಮೇಲೆ ಇನ್ನೊಂದು ದಿನ ವಿತರಣೆ. ತಪಾಸಣೆ ದಿನ ಮಗನನ್ನು ಕರೆದುಕೊಂಡೇ ಹೋಗಿ, ಬರೀ ಕಾಗದ ಕಳಿಸಬೇಡಿ. ಅವನ ಅಳತೆ ಬೇಕು.

ಘಟಪ್ರಭಾ ದಂಡೆ

ಮೇಡಂ ಹೇಳಿದ ಮಂಚ, ಹಲಗೆ, ಬಚ್ಚಲಿಗೆ ಹಿಡಿಕೆ, ಇದಕ್ಕೆಲ್ಲ ಪಂಚಾಯಿತಿಯ ಶೇ 5ರ ಹಣ ಕೇಳಿ. ಪಂಚಾಯಿತಿ ತನ್ನ ಸ್ವಂತ ಆದಾಯದಲ್ಲಿ ಶೇ 5 ವಿಕಲಚೇತನರಿಗೆ ಮೀಸಲಿಡಬೇಕು. ವರ್ಷದ ಕೊನೆಗೆ ಯಾರೂ ಕೇಳದಿದ್ದರೆ ಗಡಿಬಿಡಿಯಲ್ಲಿ ಏನೋ ಒಂದು ಹಂಚಿ ಮುಗಿಸುತ್ತಾರೆ. ಗ್ರಾಮಸಭೆಯಲ್ಲಿ ಬಾಯಲ್ಲಿ ಹೇಳಬೇಡಿ, ಬರೆದು ಕೊಟ್ಟು ನಕಲಿನ ಮೇಲೆ ಸೀಲು ಹಾಕಿಸಿಕೊಳ್ಳಿ.

ಖಣದ ಕುಪ್ಪಸ

ಮೇಡಂ, ನೀವು ಕಣ್ಣಾರೆ ನೋಡಿದಂತೆ ಬರೆದಿದ್ದೀರಿ. ನೆಲದಿಂದಲೇ ಎತ್ತುವುದು. ಬಚ್ಚಲಿಗೆ ಹೋಗುವ ಹೊಸ್ತಿಲು ಒಂದು ಗೇಣು ಎತ್ತರ ಬೇರೆ.

ಒಂದು ಕೇಳುತ್ತೇನೆ. ಬಸ್ ಪಾಸ್ ಮಾಡಿಸಿ ಎಂದು ಎಲ್ಲರೂ ಹೇಳುತ್ತಾರೆ, ವರ್ಷಕ್ಕೆ 660 ರೂಪಾಯಿ, ಮನೆಯಿಂದ 100 ಕಿ.ಮೀ.ವರೆಗೆ ಓಡಾಡಬಹುದು. ಆದರೆ ಇವನನ್ನು ಬಸ್ಸಿಗೆ ಹತ್ತಿಸುವುದು ಹೇಗೆ? ಆ ಮೆಟ್ಟಿಲಿಗೆ ನನ್ನ ಮೊಣಕಾಲೇ ಏಳುವುದಿಲ್ಲ. ಬಾಗಲಕೋಟೆಗೆ ಹೋಗಬೇಕಾದಾಗ ಪ್ರತಿ ಸಲ ಟಂಟಂ ಬಾಡಿಗೆಗೆ ಹಿಡಿಯುತ್ತೇವೆ.

ಗುಮ್ಮಟದ ಮಾರ್ದನಿ

ಬಸ್ಸಿಗೆ ನನ್ನಲ್ಲಿ ಉತ್ತರ ಇಲ್ಲ ತಂಗೀ. ರೈಲು ಸ್ವಲ್ಪ ವಾಸಿ. ಮಗಳನ್ನು ನಿಮ್ಹಾನ್ಸ್‌ಗೆ ಕರೆದುಕೊಂಡು ಹೋಗುವಾಗ ಗೋಲ್ ಗುಂಬಜ್ ಎಕ್ಸ್‌ಪ್ರೆಸ್ಸಿನಲ್ಲಿ ಸ್ಲೀಪರಿಗೆ ಅವಳಿಗೂ ಜೊತೆ ಹೋಗುವ ನನಗೂ ಶೇ 75 ರಿಯಾಯಿತಿ. ಒಬ್ಬರೇ ಪ್ರಯಾಣ ಮಾಡಲಾಗದ ದೈಹಿಕ ಅಂಗವಿಕಲರಿಗೂ ಇದೇ ಇದೆ. ರೈಲ್ವೆಯ ರಿಯಾಯಿತಿ ಕಾರ್ಡನ್ನು ಬೇರೆಯಾಗಿ ಮಾಡಿಸಬೇಕು.

ಚಕ್ರದ ಮೇಲೆ

ಅಕ್ಕಾ, ಬ್ಯಾಂಕಿಗೆ ಹೋಗುವ ಮೊದಲು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ. ‘ನನ್ನ ಮಗ ಹಣಕಾಸಿನ ವಿಷಯ ತಿಳಿಯಬಲ್ಲ, ಖಾತೆ ಅವನ ಹೆಸರಿನಲ್ಲಿ ಮುಂದುವರಿಸಿ. ಆಗದಿದ್ದರೆ ಯಾವ ನಿಯಮದ ಪ್ರಕಾರ ಆಗುವುದಿಲ್ಲ ಎಂದು ಬರೆದು ಕೊಡಿ.’ ಎರಡನೆಯ ಸಾಲು ಭಾಳ ಮುಖ್ಯ. ಬಾಯಲ್ಲಿ ಇಲ್ಲ ಎನ್ನುವವರು ಬರೆದು ಕೊಡಿ ಎಂದರೆ ಕುರ್ಚಿ ಕೊಡುತ್ತಾರೆ.

ಮನೆಗೆ ಬರುತ್ತಿದ್ದ ಟೀಚರ್ ಕೊನೆಯ ಸಲ ಬಂದಾಗ ಒಂದು ಕೆಲಸ ಮಾಡಿಸಿಕೊಳ್ಳಿ. ಒಂದು ರಟ್ಟಿನ ಮೇಲೆ ಕನ್ನಡ ಅಕ್ಷರ, ಅಂಕಿ, ಹೌದು, ಇಲ್ಲ, ಬೇಕು, ಬೇಡ ಎಂದು ದೊಡ್ಡದಾಗಿ ಬರೆಸಿ. ಅವನು ಕಣ್ಣಿನಿಂದಲೋ ಮುಷ್ಟಿಯಿಂದಲೋ ತೋರಿಸಲಿ. ಹೊರಗಿನವರಿಗೂ ಅವನ ಮಾತು ತಿಳಿಯುತ್ತದೆ. ನಾನು ಕಾಲೇಜು ಮುಗಿಸಿದ್ದು ಅಂಥದ್ದೇ ರಟ್ಟಿನಿಂದ.

ಇನ್ನೊಂದು, ಹದಿನೆಂಟಕ್ಕೆ ಬರೀ ಬ್ಯಾಂಕ್ ಅಲ್ಲ, ವೋಟೂ ಬರುತ್ತದೆ. ಹೆಸರು ಸೇರಿಸಿ. 2023ರ ವಿಧಾನಸಭೆ ಚುನಾವಣೆಯಿಂದ ನಮ್ಮ ರಾಜ್ಯದಲ್ಲೂ ಶೇ 40 ಅಥವಾ ಅದಕ್ಕಿಂತ ಜಾಸ್ತಿ ವೈಕಲ್ಯ ಇರುವವರು ಮೊದಲೇ ಕೇಳಿಕೊಂಡರೆ ಮನೆಗೇ ಬಂದು ವೋಟು ಹಾಕಿಸಿಕೊಂಡು ಹೋಗುತ್ತಾರೆ. ನಾನು ಮಾತ್ರ ಮತಗಟ್ಟೆಗೇ ಹೋಗುತ್ತೇನೆ. ನಾಲ್ಕು ಜನ ನೋಡಲಿ.

(ಎರಡು ತಿಂಗಳ ನಂತರ)

ಖಣದ ಕುಪ್ಪಸ

ಶರಣು. ಭಾಳ ದಿನ ಆಯಿತು, ಹಬ್ಬದ ಹೊಲಿಗೆ ಇತ್ತು.

ಮೊದಲು ಸೊಂಟ. ಮಂಚ ಆಯಿತು. ಪಂಚಾಯಿತಿಯಿಂದ ಅಲ್ಲ, ಅಲ್ಲಿ ಅರ್ಜಿ ಇನ್ನೂ ಕೂತಿದೆ. ಸೀಲು ಹಾಕಿದ ನಕಲು ನನ್ನ ಹತ್ತಿರ ಇದೆ, ಬಿಡುವುದಿಲ್ಲ. ಹಳೆಯ ಮಗ್ಗದ ಮರ ಇತ್ತು, ಮನೆಯವರೇ ಕಡಿದು ಮಂಚಕ್ಕೆ ಕಾಲು ಕೂಡಿಸಿದರು. ಹಲಗೆಯೂ ಆಯಿತು. ಈಗ ದಿನಕ್ಕೆ ಎತ್ತುವುದು ಎರಡೇ ಸಲ, ಬಚ್ಚಲಿಗೆ ಹೋಗುವಾಗ. ಆರೈಕೆಯ ಭತ್ಯೆಗೆ ಅರ್ಜಿ ಕೊಟ್ಟಿದ್ದೇನೆ. ನಮ್ಮ ವಿಆರ್‌ಡಬ್ಲ್ಯು ಒಬ್ಬ ಹುಡುಗಿ, ಮನೆಗೇ ಬಂದು ಬರೆದುಕೊಂಡು ಹೋದಳು. ಮೂರು ವರ್ಷದಿಂದ ಪಕ್ಕದ ಓಣಿಯಲ್ಲೇ ಇದ್ದಾಳೆ, ನನಗೆ ಗೊತ್ತೇ ಇರಲಿಲ್ಲ.

ಈಗ ಬ್ಯಾಂಕು. ಮೊದಲ ದಿನ ಅದೇ ಕೌಂಟರ್, ಅದೇ ಮಾತು. ಬರೆದು ಕೊಡಿ ಎಂದೆ. ಒಳಗೆ ಕಳಿಸಿದರು. ಮ್ಯಾನೇಜರ್ ಹೊಸಬರು, ಒಳ್ಳೆಯವರು. ಹುಡುಗನನ್ನು ಕರೆದುಕೊಂಡು ಬನ್ನಿ ನೋಡೋಣ ಎಂದರು. ಮರುದಿನ ಟಂಟಂ ಮಾಡಿಕೊಂಡು ಹೋದೆವು. ಬ್ಯಾಂಕಿಗೆ ಐದು ಮೆಟ್ಟಿಲು. ಮ್ಯಾನೇಜರ್ ಅವರೇ ಕಾಗದ ಹಿಡಿದು ಕೆಳಗೆ ಬಂದರು, ಟಂಟಂನಲ್ಲೇ ಎಲ್ಲ ನಡೆಯಿತು. ನನ್ನನ್ನು ಕೇಳಬೇಡಿ, ಅವನನ್ನು ಕೇಳಿ ಎಂದೆ. ಈ ಖಾತೆ ಯಾರದು ಎಂದು ಕೇಳಿದರು. ರಟ್ಟಿನ ಮೇಲೆ ಮುಷ್ಟಿಯಿಂದ ‘ನ’ ತೋರಿಸಿದ. ತಿಂಗಳಿಗೆ ಎಷ್ಟು ಬರುತ್ತದೆ ಎಂದರು. 1, 4, ಆಮೇಲೆ ಸೊನ್ನೆಯ ಮೇಲೆ ಎರಡು ಸಲ ಬಡಿದ. ಹೋದ ತಿಂಗಳದ್ದು ಬಂದಿಲ್ಲ ಎಂದೂ ಹೇಳಿದ, ಅದನ್ನು ನಾನು ಹೇಳಿಕೊಟ್ಟಿರಲಿಲ್ಲ!

ಹೆಬ್ಬೆಟ್ಟು ಹಾಕಿಸಲು ಹೋದರೆ ಮುಷ್ಟಿ ಬಿಡಿಸಲಾಗಲಿಲ್ಲ. ಹೊಸ ಜನ ಸುತ್ತ ನಿಂತರೆ ಅವನಿಗೆ ಬಿಗಿ ಜಾಸ್ತಿ. ಕಾಲ್ಬೆರಳಿನ ಮಾತು ನಾನೇ ಹೇಳಿದೆ. ಅವರು ಒಳಗೆ ಹೋಗಿ ಯಾರಿಗೋ ಫೋನ್ ಮಾಡಿ ಬಂದು ‘ಆಗುತ್ತದೆ’ ಎಂದರು. ಸಾಕ್ಷಿಗೆ ಅವರು ಒಬ್ಬರು, ಪಕ್ಕದ ಕಿರಾಣಿ ಅಂಗಡಿಯವರು ಒಬ್ಬರು. ಅವರ ಖಾತೆಯೂ ಅದೇ ಬ್ಯಾಂಕಿನಲ್ಲಿ ಇದೆ. ಎಡಗಾಲಿನ ಹೆಬ್ಬೆರಳಿಗೆ ಶಾಯಿ ಹಚ್ಚಿದಾಗ ಕಚಗುಳಿ ಆಗಿ ನಕ್ಕ. ಕಾಲು ಒದ್ದು ಒಂದು ಫಾರ್ಮ್ ಹಾಳಾಯಿತು. ಎರಡನೆಯದರಲ್ಲಿ ಸರಿಯಾಗಿ ಬಿತ್ತು.

ಉರಿಬಿಸಿಲು

ಅಕ್ಕಾರ, ಇದನ್ನು ಓದಿ ನಮ್ಮ ಕಾಕಾಗೂ ಹೇಳಿದೆ. ಅವನ ಪುಸ್ತಕ ಹತ್ತು ವರ್ಷದಿಂದ ನಮ್ಮ ಅಪ್ಪನ ಹತ್ತಿರ ಇದೆ. ‘ಕೊಡು ಇಲ್ಲಿ’ ಎಂದು ಈಗ ಜಗಳ ಶುರು ಮಾಡಿದ್ದಾನೆ.

ಚಕ್ರದ ಮೇಲೆ

ಅಕ್ಕಾ, ಎಟಿಎಂ ಕಾರ್ಡ್ ಕೊಟ್ಟರಾ?

ಖಣದ ಕುಪ್ಪಸ

ಬೇಕಾ ಎಂದು ಕೇಳಿದರು. ನಾನು ಬೇಡ ಎನ್ನುವಷ್ಟರಲ್ಲಿ ಅವನು ರಟ್ಟಿನ ಮೇಲೆ ‘ಬೇಕು’ ತೋರಿಸಿಬಿಟ್ಟ. ಬರುವ ವಾರ ಬರುತ್ತದಂತೆ. ಪಾಸ್‌ಬುಕ್ ಈಗ ಅವನ ದಿಂಬಿನ ಕೆಳಗೆ ಇದೆ, ಮಗ್ಗಲು ಬದಲಿಸುವಾಗ ತೆಗೆದು ಮತ್ತೆ ಅಲ್ಲೇ ಇಡಬೇಕು. ಬಚ್ಚಲಿನಲ್ಲಿ ಕೂಡಿಸಿ ಸ್ನಾನ ಮಾಡಿಸುವ ಕುರ್ಚಿ ಯಾರಾದರೂ ಮಾಡಿಸಿದ್ದೀರಾ? ಪ್ಲಾಸ್ಟಿಕ್ ಕುರ್ಚಿಯ ಕಾಲು ಕತ್ತರಿಸಿದರೆ ಭಾರ ತಡೆಯುತ್ತದಾ, ಕಬ್ಬಿಣದ್ದೇ ಬೇಕಾ?